ಚುಕ್ಕಾಣಿ ಎತ್ತ ತಿರುಗಿದೆ?



2024ರ ಅಕ್ಟೋಬರ್ 2ರಂದು ಗೋವಾದಿಂದ ಒಂದು ಹಾಯಿದೋಣಿ ಹೊರಟಿತು. ಅದರ ಹೆಸರು ತಾರಿಣಿ. ಅದರಲ್ಲಿ ಇದ್ದವರು ಇಬ್ಬರೇ. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ. ಇಬ್ಬರೂ ಹೆಂಗಸರು. ಅವರು ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಗೋವಾಕ್ಕೆ ವಾಪಸು ಬಂದರು.

ದೋಣಿಯನ್ನು ತಿರುಗಿಸುವುದು ಚುಕ್ಕಾಣಿ. ಅದು ದೋಣಿಯ ಹಿಂಭಾಗದಲ್ಲಿ, ನೀರಿನೊಳಗೆ ಇರುವ ಹಲಗೆ. ಇಬ್ಬರೇ ಇದ್ದರೆ ಹಗಲೂ ರಾತ್ರಿ ಚುಕ್ಕಾಣಿ ಹಿಡಿದು ಕೂರೋದಕ್ಕೆ ಆಗುತ್ತಾ? ಊಟ ಬೇಕು. ನಿದ್ದೆ ಬೇಕು. ಅದಕ್ಕೇ ದೂರ ಹೋಗುವ ದೋಣಿಗಳಲ್ಲಿ ಚುಕ್ಕಾಣಿ ತಿರುಗಿಸುವ ಯಂತ್ರ ಇರುತ್ತದೆ. ಅದರ ಹೆಸರು ಆಟೋಪೈಲಟ್.

ಯಂತ್ರಕ್ಕೆ ಕಣ್ಣಿಲ್ಲ. ದೋಣಿ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ದಿಕ್ಸೂಚಿ ಹೇಳುತ್ತದೆ. ಚುಕ್ಕಾಣಿ ಎಷ್ಟು ತಿರುಗಿದೆ ಎಂದು ಹೇಳುವುದು ಒಂದು ಸಣ್ಣ ಪೆಟ್ಟಿಗೆ. ಅದೇ ಸೆನ್ಸರ್. ಒಂದು ಸರಳು ಅದನ್ನು ಚುಕ್ಕಾಣಿಗೆ ಜೋಡಿಸಿರುತ್ತದೆ. ಚುಕ್ಕಾಣಿ ತಿರುಗಿದರೆ ಸೆನ್ಸರಿನ ಕೈಯೂ ತಿರುಗುತ್ತದೆ. ಆ ಲೆಕ್ಕ ತಂತಿಯ ಮೂಲಕ ಯಂತ್ರಕ್ಕೆ ಹೋಗುತ್ತದೆ.

ಸೆನ್ಸರ್ ತಪ್ಪು ಹೇಳಿದರೆ ಏನಾಗುತ್ತದೆ? ದೋಣಿ ಹಾವಿನಂತೆ ಅತ್ತಿತ್ತ ಹೋಗುತ್ತದೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಹಿಂದಿನಿಂದ ಜೋರು ಗಾಳಿ ಬೀಸುವಾಗ ಹಾಯಿಯ ಮರ ಒಮ್ಮೆಲೇ ಆ ಕಡೆಗೆ ಬೀಸಿ ತಲೆಗೆ ಹೊಡೆಯಬಹುದು. ಪ್ರಾಣಕ್ಕೇ ಅಪಾಯ.

ಸಂತೆಯಲ್ಲಿ ನಾವು ಏನು ಮಾಡುತ್ತೇವೆ? ಮೊದಲು ಖಾಲಿ ತಕ್ಕಡಿ ನೋಡುತ್ತೇವೆ. ಮುಳ್ಳು ನಡುವೆ ನಿಂತಿದೆಯಾ? ಆಮೇಲೇ ತೂಕ. ಇಲ್ಲಿಯೂ ಹಾಗೆಯೇ.

ಪರೀಕ್ಷೆ ಮಾಡುವ ಕ್ರಮ ಇದು:

1. ದೋಣಿಯನ್ನು ದಡಕ್ಕೆ ಕಟ್ಟಬೇಕು. ಆಟೋಪೈಲಟ್ ಆರಿಸಬೇಕು. ಇಲ್ಲದಿದ್ದರೆ ಬೆರಳು ಸಿಕ್ಕಿಕೊಂಡೀತು.

2. ಸರಳಿನ ನಟ್ಟು ಸಡಿಲ ಇದೆಯೇ ನೋಡಬೇಕು. ಇದ್ದರೆ ಬಿಗಿಮಾಡಬೇಕು. ಪೂರ್ತಿ ತಿರುಗಿಸಿದಾಗ ಸರಳು ಎಲ್ಲೂ ತಗುಲಬಾರದು.

3. ಯಂತ್ರದ ತೆರೆಯನ್ನು ಮಾತ್ರ ಹಚ್ಚಿ, ಚುಕ್ಕಾಣಿಯನ್ನು ಕೈಯಿಂದ ನೇರ ನಿಲ್ಲಿಸಬೇಕು. ತೆರೆಯ ಮೇಲೆ 0 ಬರಬೇಕು. 3 ಬಂದರೆ ಸೆನ್ಸರ್ ಸರಿಸಬೇಕು. ಇಲ್ಲವೇ ಯಂತ್ರಕ್ಕೆ 'ಇದೇ 0' ಎಂದು ಕಲಿಸಬೇಕು.

4. ಎಡಕ್ಕೆ ಪೂರ್ತಿ ತಿರುಗಿಸಬೇಕು. ಅಂಕಿ ಓದಬೇಕು. ಬಲಕ್ಕೂ ಹಾಗೆಯೇ. ಎಷ್ಟೋ ದೋಣಿಗಳಲ್ಲಿ ಇದು ಸುಮಾರು 35 ಡಿಗ್ರಿ. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದರೆ 30 ಡಿಗ್ರಿ. ಅದಕ್ಕಿಂತ ಸ್ವಲ್ಪ ಹೆಚ್ಚು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು.

5. ಎಡಕ್ಕೆ ತಿರುಗಿಸಿದಾಗ ಬಲ ಎಂದು ತೋರಿಸಿದರೆ? ತಂತಿ ಅದಲು ಬದಲು ಆಗಿರಬಹುದು. ಯಂತ್ರದ ಪುಸ್ತಕ ಓದಿ ಸರಿಪಡಿಸಬೇಕು.

6. ಕೊನೆಗೆ, ಗಾಳಿ ಕಡಿಮೆ ಇರುವ ದಿನ, ಬಯಲು ನೀರಿನಲ್ಲಿ ಓಡಿಸಿ ನೋಡಬೇಕು.

ನೋಡಿದಿರಾ? ಅಂಕಿ ಓದುವುದು, ಎಡ ಬಲ ತಿಳಿಯುವುದು, ಪುಸ್ತಕ ನೋಡುವುದು. ಇಷ್ಟರ ಮೇಲೆ ಜೀವ ನಿಂತಿದೆ. ಈ ಅಂಕಿಗಳನ್ನು ಈಗ ನಾವೂ ಓದಬಲ್ಲೆವು.

ಉತ್ತರ ಬರೆಯಿರಿ:
ಚುಕ್ಕಾಣಿ ನೇರ ಇದ್ದಾಗ ಯಾವ ಅಂಕಿ ಬರಬೇಕು?
ನಿಮ್ಮೂರ ಅಂಗಡಿಯ ತಕ್ಕಡಿ ಖಾಲಿ ಇದ್ದಾಗ ಎಷ್ಟು ತೋರಿಸುತ್ತದೆ? ನೋಡಿ ಬನ್ನಿ.