ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಚದುರಿತು ಅಂದ್ರೆ ಹೋಯ್ತು ಅಂತಾನಾ?

ನಾನಿರೋದು ಅಹಮದಾಬಾದಿನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ, ಜಾಮ್‌ನಗರ ದಾಟಿದರೆ ಕಛ್ ಕೊಲ್ಲಿಯ ದಡದಲ್ಲಿ ವಾಡಿನಾರ್ ಸಿಗುತ್ತೆ. ಅಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರದೆ, ಸಮುದ್ರದಲ್ಲೇ ನಿಂತು ಪೈಪಿನ ಮೂಲಕ ಕಚ್ಚಾತೈಲ ಇಳಿಸುತ್ತವೆ. ಅದೇ ಕೊಲ್ಲಿಯಲ್ಲಿ ಹವಳದ ದಿಬ್ಬಗಳಿವೆ, ಮ್ಯಾಂಗ್ರೋವ್, ಅಂದರೆ ನಮ್ಮ ಕರಾವಳಿಯವರು ಹೇಳುವ ಕಾಂಡ್ಲಾ ಕಾಡಿದೆ. 1982ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಆಗಿದ್ದೂ ಇಲ್ಲೇ.

ಇಂಥ ಕಡೆ ಎಣ್ಣೆ ಚೆಲ್ಲಿದರೆ? ಒಂದು ಉಪಾಯ, ಡಿಸ್ಪರ್ಸೆಂಟ್ ಸಿಂಪಡಿಸೋದು. ಪಾತ್ರೆ ತೊಳೆಯೋ ಲಿಕ್ವಿಡ್ ಮಾಡೋ ಕೆಲಸಾನೇ ಇದೂ ಮಾಡೋದು. ಎಣ್ಣೆ ಮತ್ತು ನೀರಿನ ನಡುವಿನ ಎಳೆತ ತಗ್ಗುತ್ತೆ, ಅಲೆಯ ಹೊಡೆತಕ್ಕೆ ಎಣ್ಣೆ ಪದರ ಸಣ್ಣ ಹನಿಗಳಾಗಿ ಒಡೆಯುತ್ತೆ.

ಇದು ಎಷ್ಟು ಕೆಲಸ ಮಾಡುತ್ತೆ ಅಂತ ಲ್ಯಾಬಿನಲ್ಲಿ ಹೇಗೆ ನೋಡ್ತಾರೆ? ಅಮೆರಿಕದ ಇಪಿಎ ಬಳಸುವ ಪರೀಕ್ಷೆಯಲ್ಲಿ ಒಳಗೋಡೆಗೆ ತಡೆಗಳಿರುವ ಫ್ಲಾಸ್ಕ್‌ಗೆ 120 ಮಿಲಿಲೀಟರ್ ಉಪ್ಪುನೀರು, 0.1 ಮಿಲಿಲೀಟರ್ ಎಣ್ಣೆ, ಎಣ್ಣೆಯ 25ನೇ ಒಂದು ಭಾಗ ಡಿಸ್ಪರ್ಸೆಂಟ್ ಹಾಕ್ತಾರೆ. 10 ನಿಮಿಷ ತಿರುಗಿಸಿ, 10 ನಿಮಿಷ ಸುಮ್ಮನೆ ಬಿಟ್ಟು, ಕೆಳಗಿನ ನೀರಲ್ಲಿ ಎಷ್ಟು ಎಣ್ಣೆ ಉಳೀತು ಅಂತ ಅಳೀತಾರೆ.

ಸುಮ್ಮನೆ ಬಿಡೋದು ಯಾಕೆ? ದೊಡ್ಡ ಹನಿಗಳು ಮೇಲೆ ಬರಲಿ ಅಂತ. ಸಣ್ಣ ಹನಿಯ ವ್ಯಾಸ ಹತ್ತನೇ ಒಂದಾದರೆ ಅದು ಮೇಲೇರೋ ವೇಗ ನೂರನೇ ಒಂದಾಗುತ್ತೆ. ಒಂದು ಹನಿ ಅಂಥ 1000 ಹನಿಯಾಗಿ ಒಡೆದರೆ ಒಟ್ಟು ಮೇಲ್ಮೈ 10 ಪಟ್ಟು. ಎಣ್ಣೆ ತಿನ್ನೋ ಬ್ಯಾಕ್ಟೀರಿಯಾಗಳಿಗೆ ಬೇಕಾಗಿರೋದು ಆ ಮೇಲ್ಮೈಯೇ.

ಈಗ ಮುಖ್ಯ ಮಾತು. ಫ್ಲಾಸ್ಕ್‌ನಲ್ಲಿ ಶೇ. 90 ಚದುರಿತು ಅಂದರೆ ಶೇ. 90 ಎಣ್ಣೆ ಇಲ್ಲವಾಯ್ತು ಅಂತಲ್ಲ, ನೀರೊಳಗೆ ಹೋಯ್ತು ಅಂತ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಫೈಲ್ ಡಿಲೀಟ್ ಆಗಿಲ್ಲ, ಬೇರೆ ಫೋಲ್ಡರ್‌ಗೆ ಮೂವ್ ಆಗಿದೆ. ಹಕ್ಕಿಯ ರೆಕ್ಕೆ, ಕಾಂಡ್ಲಾ ಬೇರು ಉಳೀಬಹುದು. ಆದರೆ ಮೀನಿನ ಮೊಟ್ಟೆ, ಹವಳದ ಮರಿಗಳಿಗೆ ಆ ಎಣ್ಣೆ ತಗಲುತ್ತೆ. ಆಳದ ಸಮುದ್ರದಲ್ಲಿ ಅದು ಬೇಗ ತೆಳುವಾಗುತ್ತೆ, ಹವಳದ ದಿಬ್ಬದ ಮೇಲಿನ ಮೊಣಕಾಲುದ್ದ ನೀರಲ್ಲಿ ಅಷ್ಟು ಜಾಗವೇ ಇಲ್ಲ. 2010ರ ಡೀಪ್‌ವಾಟರ್ ಹೊರೈಝನ್ ದುರಂತದಲ್ಲಿ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಬಳಸಿದರು. ಅದರಿಂದ ಎಷ್ಟು ಒಳ್ಳೇದಾಯ್ತು ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ಯೋಚಿಸೋಕೆ ಸಮಯವೂ ಕಮ್ಮಿ. ಎಣ್ಣೆಯ ಹಗುರ ಅಂಶ ಆವಿಯಾಗಿ, ಉಳಿದದ್ದು ನೀರು ಕುಡಿದು ಗಟ್ಟಿಯಾದರೆ ಡಿಸ್ಪರ್ಸೆಂಟ್‌ಗೂ ಬಗ್ಗಲ್ಲ. ಹಾಗಾಗಿ ಎಲ್ಲಿ ಸಿಂಪಡಿಸಬಹುದು, ಎಲ್ಲಿ ಕೂಡದು ಅನ್ನೋ ನಕ್ಷೆ ಎಣ್ಣೆ ಚೆಲ್ಲೋಕೆ ಮುಂಚೆಯೇ ಕೈಯಲ್ಲಿರಬೇಕು.