ರಸ್ತೆಯಲ್ಲಿ ರೀಟೇಕ್ ಇಲ್ಲ ಗುರೂ!

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಬ್ರಿಗೇಡ್ ರೋಡಿಗೆ ಮದುವಣಗಿತ್ತಿಯ ಕಳೆ! ದೀಪ, ಕೇಕು, ಪಡ್ಡೆ ಹುಡುಗರ ಜಾತ್ರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಇದೇ ಸಡಗರ. ಹಬ್ಬ ಮಾಡಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಗುಂಡು ಹಾಕಿ ಗಾಡಿ ಹತ್ತೋ ಹೀರೋಗಳಿಗೆ ನನ್ನದು ಎರಡು ಮಾತು.

ತೆರೆಯ ಮೇಲೆ ನಾಯಕ ಬಾಟಲಿ ಎತ್ತಿ, ಬೈಕು ಹತ್ತಿ, ಹಾಡು ಹೇಳ್ತಾ ಹೋಗ್ತಾನೆ. ನೀವು ಸಿಳ್ಳೆ ಹೊಡೀತೀರಿ. ಆದರೆ ಆ ಬಾಟಲಿಯಲ್ಲಿರೋದು ಸಾಮಾನ್ಯವಾಗಿ ಬಣ್ಣದ ನೀರೋ, ಟೀ ಡಿಕಾಕ್ಷನ್ನೋ! ಜಿಗಿಯೋದು ಡ್ಯೂಪು. ಎಡವಟ್ಟಾದರೆ ರೀಟೇಕು.

ನಿಜವಾದ ರಸ್ತೆಯ ಲೆಕ್ಕವೇ ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದೇ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಮತ್ತಿನಲ್ಲಿ ಕಣ್ಣು ಕಂಡದ್ದು ಬ್ರೇಕಿನ ಮೇಲಿನ ಕಾಲಿಗೆ ಮುಟ್ಟೋದು ತಡ. ಅಷ್ಟರಲ್ಲಿ ಅಡ್ಡ ಬಂದವನ ಕಥೆ ಮುಗಿದಿರುತ್ತೆ. 'ನಿಂಬೆಹಣ್ಣು ಹಿಂಡ್ಕೊಂಡೆ, ಕಾಫಿ ಕುಡಿದೆ, ಇಳಿದುಹೋಯ್ತು' ಅನ್ನೋದು ಬರೀ ಡೈಲಾಗು, ಮತ್ತಿಳಿಸೋದು ಸಮಯವೊಂದೇ.

ಕಾನೂನೂ ಸುಮ್ಮನಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆದೀತು!

ಕುಡಿದಿದ್ರೆ ಬೀಗದ ಕೈ ಕುಡಿಯದ ಗೆಳೆಯನಿಗೆ ಕೊಡಿ, ಇಲ್ಲಾ ಆಟೋ ಹತ್ತಿ. ಒನ್ ಅಂಡ್ ಹಾಫ್ ಕೇಳಿದರೂ ಕೊಟ್ಟುಬಿಡಿ, ಆಸ್ಪತ್ರೆ ಬಿಲ್ಲಿಗಿಂತ ಅಗ್ಗ. ಜನವರಿಯ ಮೊದಲ ಶುಕ್ರವಾರದ ಫಸ್ಟ್ ಶೋನಲ್ಲಿ ನಿಮ್ಮ ಸೀಟು ಖಾಲಿ ಇರಬಾರದು, ಅಲ್ವಾ?