ಆಟದ ಕಥನದಲ್ಲಿ ನಿರೂಪಕನ ಅಧಿಕಾರ ಮತ್ತು ಆಟಗಾರನ ಆಯ್ಕೆ

ಕಥೆಗೆ ಒಬ್ಬ ಕರ್ತೃವಿರುತ್ತಾನೆ, ಆತನ ಸಂಕಲ್ಪವನ್ನು ಪಾತ್ರಗಳು ಮೀರಲಾರವು ಎಂಬುದು ಸಾಮಾನ್ಯ ಗ್ರಹಿಕೆ. ಮೇಜಿನ ಸುತ್ತ ಕುಳಿತು ಮಾತಿನಲ್ಲಿಯೇ ಆಡುವ ಪಾತ್ರನಿರ್ವಹಣೆಯ ಆಟಗಳು ಈ ಗ್ರಹಿಕೆಯನ್ನು ಪ್ರಶ್ನಿಸುತ್ತವೆ. ಇಲ್ಲಿ ‘ಗೇಮ್ ಮಾಸ್ಟರ್’ ಎನಿಸಿಕೊಳ್ಳುವ ನಿರೂಪಕನು ಕಲ್ಪಿತ ಲೋಕವನ್ನೂ ಅದರ ಅಪಾಯಗಳನ್ನೂ ವರ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ ಅದರ ನಡೆಯನ್ನು ನಿರ್ಧರಿಸುತ್ತಾರೆ. ಫಲಿತಾಂಶವು ಸಂದಿಗ್ಧವಾದೆಡೆ ದಾಳ ತೀರ್ಮಾನಿಸುತ್ತದೆ. ನಿರೂಪಣೆ ಮತ್ತು ಆಯ್ಕೆಗಳ ನಡುವಣ ಸಮತೋಲನದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಮೂಲವಿದ್ದುದು ಸೈನ್ಯಗಳ ಕದನವನ್ನು ಅನುಕರಿಸುವ ಯುದ್ಧದಾಟಗಳಲ್ಲಿ. ಅವುಗಳ ತೀರ್ಪುಗಾರನೇ ಇಲ್ಲಿ ನಿರೂಪಕನಾಗಿ ಬೆಳೆದನು. ಆರಂಭಕಾಲದಲ್ಲಿ ಅವನು ಮುಖ್ಯವಾಗಿ ಸಿದ್ಧಪಡಿಸುತ್ತಿದ್ದುದು ಕಥೆಯನ್ನಲ್ಲ, ನೆಲಮಾಳಿಗೆಯ ನಕ್ಷೆಯನ್ನು. ಯಾವ ಬಾಗಿಲನ್ನು ತೆರೆಯಬೇಕೆಂಬುದು ಆಟಗಾರರಿಗೆ ಬಿಟ್ಟದ್ದಾಗಿತ್ತು. 1984ರಿಂದ ಹೊರಬಂದ ‘ಡ್ರ್ಯಾಗನ್‌ಲ್ಯಾನ್ಸ್’ ಸಾಹಸಮಾಲೆಯು ಮಹಾಕಥಾನಕದ ವಿಸ್ತಾರವನ್ನು ತಂದಿತು. ಇದರಿಂದ ಕಥೆಗೆ ಘನತೆ ಒದಗಿದರೂ ಆಯ್ಕೆಯ ಅವಕಾಶ ಕುಗ್ಗಿತೆಂಬ ಆಕ್ಷೇಪ ಕೇಳಿಬಂದಿತು. ಹಳಿಯ ಮೇಲಿನ ಗಾಡಿಯಂತೆ ಒಂದೇ ದಾರಿಯಲ್ಲಿ ಆಟವನ್ನು ಒಯ್ಯುವ ಇಂಥ ಕ್ರಮವನ್ನು ಆಟಗಾರರು ‘ರೈಲ್‌ರೋಡಿಂಗ್’ ಎಂದು ಕರೆಯುತ್ತಾರೆ.

ಹಾಗಾದರೆ ನಿರೂಪಣೆಯನ್ನು ಕಡಿಮೆ ಮಾಡುವುದೇ ಪರಿಹಾರವೆ? ಕವಲುದಾರಿಯ ನಿದರ್ಶನವನ್ನು ಪರಿಶೀಲಿಸಬಹುದು. ಎಡಕ್ಕೆ ಹೋಗುವಿರೋ ಬಲಕ್ಕೋ ಎಂದಷ್ಟೇ ಕೇಳಿದರೆ ಅದು ಆಯ್ಕೆಯಲ್ಲ, ಊಹೆ. ಎಡದಾರಿಯಲ್ಲಿ ಹೊಗೆ ಏಳುತ್ತಿದೆ, ಬಲದಾರಿಯಲ್ಲಿ ಮುರಿದ ಬಂಡಿ ಬಿದ್ದಿದೆ ಎಂದು ತಿಳಿಸಿದಾಗಲೇ ಆಟಗಾರನು ವಿವೇಚಿಸಬಲ್ಲನು. ಆದ್ದರಿಂದ ನಿರೂಪಣೆಯು ಆಯ್ಕೆಗೆ ವಿರೋಧಿಯಲ್ಲ, ಪೂರ್ವಾಗತ್ಯ. ಆದರೆ ಯಾವ ದಾರಿ ಹಿಡಿದರೂ ಅದೇ ರಾಕ್ಷಸನು ಎದುರಾಗುವಂತೆ ನಿರೂಪಕನು ಗುಟ್ಟಾಗಿ ಏರ್ಪಡಿಸಿದ್ದರೆ ಆ ವಿವೇಚನೆ ವ್ಯರ್ಥ.

ಇಲ್ಲಿ ತಾಳಮದ್ದಲೆಯೊಡನೆ ಹೋಲಿಕೆ ಉಪಯುಕ್ತ. ಪ್ರಸಂಗದ ಪದ್ಯಗಳು ಕಥಾಗತಿಯನ್ನು ಮೊದಲೇ ನಿಗದಿಪಡಿಸಿರುತ್ತವೆ. ಅರ್ಥಧಾರಿಯ ಸ್ವಾತಂತ್ರ್ಯವಿರುವುದು ವಾದದಲ್ಲಿ, ಪರಿಣಾಮದಲ್ಲಲ್ಲ. ಕರ್ಣನ ಪಾತ್ರಧಾರಿ ಎಷ್ಟೇ ಸಮರ್ಥವಾಗಿ ವಾದಿಸಿದರೂ ಕರ್ಣನು ಬದುಕುಳಿಯನು. ಆದರೂ ಯಾರಿಗೂ ವಂಚನೆಯಾಗಿಲ್ಲ. ಏಕೆಂದರೆ ಈ ನಿಯಮ ಅರ್ಥಧಾರಿಗೂ ಸಭೆಗೂ ತಿಳಿದದ್ದೇ. ಇದರಿಂದ ಸ್ಪಷ್ಟವಾಗುವುದೆಂದರೆ, ದೋಷವಿರುವುದು ನಿಶ್ಚಿತ ಕಥೆಯಲ್ಲಲ್ಲ, ನಿಶ್ಚಿತವಾದುದನ್ನು ಮುಕ್ತವೆಂದು ತೋರಿಸುವುದರಲ್ಲಿ.

2010ರ ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಈ ಸಮಸ್ಯೆಗೆ ನಿಯಮದ ಮೂಲಕವೇ ಉತ್ತರಿಸಿತು. ಕಥಾನಕವನ್ನು ಮುಂಚಿತವಾಗಿ ಯೋಜಿಸಬಾರದೆಂದು ಅದು ನಿರೂಪಕನಿಗೆ ವಿಧಿಸುತ್ತದೆ. ಎರಡು ದಾಳಗಳ ಮೊತ್ತಕ್ಕೆ ಪಾತ್ರದ ಗುಣಾಂಕ ಸೇರಿ 10 ಅಥವಾ ಹೆಚ್ಚಾದರೆ ಪೂರ್ಣ ಯಶಸ್ಸು. 7ರಿಂದ 9 ಬಂದರೆ ಬೆಲೆ ತೆರಬೇಕಾದ ಯಶಸ್ಸು ಅಥವಾ ಕಠಿಣ ಆಯ್ಕೆ. 6 ಅಥವಾ ಕಡಿಮೆಯಾದರೆ ಮುಂದಿನ ನಡೆ ನಿರೂಪಕನದು. ಹೀಗೆ ದಾಳವು ನಿರೂಪಕನಿಗೂ ಅನಿರೀಕ್ಷಿತವನ್ನು ಒಡ್ಡುತ್ತದೆ.

ಒಟ್ಟಿನಲ್ಲಿ ಸಮತೋಲನವೆಂದರೆ ಮಾತಿನ ಅವಧಿಯ ಹಂಚಿಕೆಯಲ್ಲ, ಅಧಿಕಾರದ ಹಂಚಿಕೆ. ಸನ್ನಿವೇಶ ನಿರೂಪಕನದು, ನಿರ್ಧಾರ ಆಟಗಾರನದು. ಆ ನಿರ್ಧಾರದ ಪರಿಣಾಮವನ್ನು ಪ್ರಾಮಾಣಿಕವಾಗಿ ಮುಂದಿನ ಸನ್ನಿವೇಶವಾಗಿಸುವುದರಲ್ಲಿ ನಿರೂಪಕನ ನಿಜವಾದ ಕೌಶಲವಿದೆ.